ಎಲೆ ಕೋಣೆಯ ವಸ್ತಿ

ಈಗ ರೇಡಿಯೋ ಹಾಡುತ್ತಿರುತ್ತದೆ, ಮಂದಿ ಮಾತಾಡುತ್ತಲೇ ಇರುತ್ತಾರೆ. ಆಗ ನನಗೆ ಅಕ್ಕಿಆಲೂರಿನ ನೆರಮನೆಯ ಅಕ್ಕ ನೆನಪಾಗುತ್ತಾಳೆ. ಮದುವೆಗೆ ಹೋದರೆ ಪಂಕ್ತಿ ಬಿಟ್ಟು ಸನಾದಿಯವರ ಹತ್ತಿರ ಕೂರುವಳು. ಕರೆದರೆ, "ಕೇಳಾಕ ಬಂದೇನಿ, ಉಣ್ಣಾಕಲ್ಲ" ಅನ್ನುವಳು.

ಸ್ವಾತಂತ್ರ್ಯ ಬರುವ ಮೊದಲಿನ ಮಾತು. ಸವಣೂರಿನ ಸಾಹುಕಾರರೊಬ್ಬರ ಅಂಗಳದಲ್ಲಿ ಹಾಡಿಕೆ ಇತ್ತು. ಅಕ್ಕ ಗಾಡಿ ಕಟ್ಟಿಸಿ ನನ್ನನ್ನೂ ಕರೆದೊಯ್ದಳು. ಹೆಂಗಸರು ಸಭೆಯಲ್ಲಿ ಕೂರುವಂತಿರಲಿಲ್ಲ. ಆ ಊರಲ್ಲೇ ಇದ್ದ ಅವಳ ನಾದಿನಿಯ ಮನೆ ದೊಡ್ಡದು, ಆದರೆ ಎರಡು ಓಣಿ ಆಚೆ. ಅಲ್ಲಿ ಇಳಿದರೆ ಹಾಡು ಕೇಳಿಸದು, ಒಲೆಯ ಕೆಲಸ ತಪ್ಪದು. ಅಕ್ಕ ಅಂಗಳದ ಸುತ್ತಲಿನ ಮನೆಗಳಿಗೆ ಹೋಗಿ, "ಇಲ್ಲಿಗೆ ಹಾಡು ಕೇಳಸ್ತೈತೇನ್ರಿ?" ಎಂದು ವಿಚಾರಿಸಿದಳು. ಕಡೆಗೆ ವೀಳ್ಯದೆಲೆ ಮಾರುವ ಸಾಬರ ಹೆಂಡತಿ, "ನಡುವ ಒಂದ ಗ್ವಾಡಿ ಐತಿ, ಬರ್ರಿ" ಎಂದು ಎಲೆ ಇಡುವ ಕೋಣೆ ಕೊಟ್ಟಳು. ಕಾಲು ಚಾಚಲು ಜಾಗವಿರಲಿಲ್ಲ.

ನಾದಿನಿ ಓಡಿ ಬಂದಳು. "ಹೋಳಿಗಿ ಮಾಡೇನ್ರಿ ವೈನಿ. ನಮ್ಮ ಮನಿ ಬಿಟ್ಟು ಇಲ್ಲಿ ವಸ್ತಿ ಮಾಡಿದ್ರ ಮಂದಿ ಏನಂದಾರು?"

"ಕೇಳಾಕ ಬಂದೇನವಾ, ಉಣ್ಣಾಕಲ್ಲ."

ಸಂಜೆ ಹಾಡು ಶುರುವಾಯಿತು. ಅಕ್ಕ ಮಣ್ಣಿನ ಗೋಡೆಗೆ ಕಿವಿ ಒತ್ತಿ ಕೂತವಳು ಅಲುಗಲಿಲ್ಲ. ನನಗೆ ಹಾಡು ತಿಳಿಯಲಿಲ್ಲ, ನಿದ್ದೆ ಬಂತು.

ಮರುದಿನ ಹೇಳಿ ಹೊರಡಲು ನಾದಿನಿಯ ಮನೆಗೆ ಹೋದೆವು. ಅಕ್ಕನ ಕೆನ್ನೆಗೆಲ್ಲ ಗೋಡೆಯ ಕೆಮ್ಮಣ್ಣು ಹತ್ತಿತ್ತು. ನಾದಿನಿ ಸಿಟ್ಟಿನಲ್ಲೇ ತಂಬಿಗೆ ನೀರು ಕೊಟ್ಟು, "ಮಾರಿ ತೊಳಕೋರಿ" ಎಂದಳು.

ಅಕ್ಕ ನೀರು ಕುಡಿದು ತಂಬಿಗೆ ಕೆಳಗಿಟ್ಟಳು.

"ಇರ್ಲಿ ಬಿಡವಾ. ಊರಿಗೆ ಹೋಗಿ ತೊಳಕೊಂಡ್ರಾತು."