ಕೋರಿಯ ಹಾಡಿಗೆ ನಾವು ಮಾಡಿದ ರಿಪೇರಿ

ಕಳೆದ ವಾರ ನಾನೂ ನನ್ನ ಗಂಡನೂ ಸೇರಿ ಒಬ್ಬ ಹಾಡುಗಾರನ ದನಿ ಕೆಡಿಸಿದೆವು. ಕೇಡು ಬಯಸಿ ಅಲ್ಲ, ಉಪಕಾರ ಮಾಡಲು ಹೋಗಿ. (ಕೇಡು ಬಯಸಿದ್ದರೆ ಇಷ್ಟು ಅಚ್ಚುಕಟ್ಟಾಗಿ ಕೆಡುತ್ತಿರಲಿಲ್ಲ.)

ಹಾಡುಗಾರನ ಹೆಸರು ಕೋರಿ. ವಯಸ್ಸು ಇಪ್ಪತ್ತು. ರಿಚರ್ಡ್‌ಸನ್ ಎಂಬ ಊರಿನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮನೆ ಅವನದು. ಹಗಲೆಲ್ಲ ಟೈರ್ ಅಂಗಡಿಯಲ್ಲಿ ಕೆಲಸ, ಉಳಿದ ಹೊತ್ತೆಲ್ಲ ರ‍್ಯಾಪ್. ಬೆಳೆದದ್ದು ಹ್ಯೂಸ್ಟನ್‌ನಲ್ಲಿ, ಅಜ್ಜಿಯ ಮನೆಯಲ್ಲಿ. ಮೊದಲು ಚರ್ಚಿನಲ್ಲಿ ಹಾಡಿದ, ಆಮೇಲೆ ಸ್ಕೂಲ್ ಬಸ್ಸಿನ ಹಿಂದಿನ ಸೀಟಿನಲ್ಲಿ, ಆಮೇಲೆ ಅಣ್ಣನ ಕಾರಿನ ಡಿಕ್ಕಿಯಲ್ಲಿ ತನ್ನದೇ ಕ್ಯಾಸೆಟ್ ಇಟ್ಟುಕೊಂಡು ಪೆಟ್ರೋಲ್ ಬಂಕ್‌ಗಳ ಮುಂದೆ ನಿಂತು ಮಾರಿದ. ನನ್ನನ್ನು "ಮಿಸ್ ಸುಧಾ" ಎನ್ನುತ್ತಾನೆ. ಇಲ್ಲಿನವರು ದೊಡ್ಡವರನ್ನು ಹಾಗೆ ಕರೆಯುವುದು ರೂಢಿ. ಆಂಟಿ ಎನ್ನುವುದಕ್ಕಿಂತ ಕಿವಿಗೆ ಹಿತವಾಗಿದೆ, ಸುಳ್ಳು ಯಾಕೆ ಹೇಳಲಿ?

ಸಿರಿವಂತರ ಊರು ಸೌತ್‌ಲೇಕ್‌ನ ಗೆಳತಿಯೊಬ್ಬರು ವಿಷಯ ಕೇಳಿ ಹುಬ್ಬೇರಿಸಿದರು. "ರ‍್ಯಾಪ್ ಹಾಡೋ ಹುಡುಗನ ಜೋಡಿ ನಿಮಗೇನ್ರಿ ಗೆಳೆತನ? ಹುಷಾರ್ರಿ!"

ಹುಷಾರಾಗಿ ಇರಬೇಕಾಗಿದ್ದವನು ಕೋರಿ. ಪಾಪ, ಅವನಿಗೆ ಯಾರೂ ಹೇಳಲಿಲ್ಲ.

ರ‍್ಯಾಪ್ ಎಂದರೆ ಉಸಿರು ಬಿಡದೆ ಬಡಬಡಿಸುವುದು ಎಂದುಕೊಂಡಿದ್ದೆ. ನೀವೂ ಹಾಗೇ ಅಂದುಕೊಂಡಿದ್ದೀರಲ್ಲವೇ? ಕೋರಿಯದು ಹಾಗಲ್ಲ. ಒಂದು ಮಾತು ಹೇಳುತ್ತಾನೆ, ಅದು ನೆಲಕ್ಕೆ ಬೀಳುವವರೆಗೆ ಕಾಯುತ್ತಾನೆ, ಆಮೇಲೆ ಇನ್ನೊಂದು. ಅವನ ಹೊಸ ಹಾಡು ಇರುವುದು ಬರದೇ ಇರುವ ಬಸ್ಸಿನ ಬಗ್ಗೆ. ಅಜ್ಜಿ ಸ್ಟಾಪಿನಲ್ಲಿ ಕೂತಿದ್ದಾಳೆ, ಸೆಕೆ, ಮೊಣಕಾಲು ನೋವು, ಬಸ್ಸು ಬರುವುದಿಲ್ಲ. ಅಷ್ಟೇ ಕಥೆ. ಸಾಲದ್ದಕ್ಕೆ ಹ್ಯೂಸ್ಟನ್‌ನವರಿಗೆ ಒಂದು ಶೈಲಿಯಿದೆ. ರೆಕಾರ್ಡ್ ಆದ ಹಾಡನ್ನು ಬೇಕೆಂದೇ ಇನ್ನಷ್ಟು ನಿಧಾನ ಮಾಡುತ್ತಾರೆ. ದನಿ ದಪ್ಪಗಾಗಿ, ಭಾರವಾಗಿ, ಒಂದೊಂದು ಪದ ಸಿಕ್ಕಿಕೊಂಡು ಎರಡೆರಡು ಸಲ ಬರುತ್ತದೆ. ಊರ ತುಂಬ ಕಾರುಗಳಲ್ಲಿ ಜನ ಅದನ್ನು ಹಾಗೆಯೇ ಕೇಳುತ್ತಾರೆ.

ಇದೆಲ್ಲ ನನಗೆ ಗೊತ್ತಾಗಿದ್ದು ಶನಿವಾರ ಮಧ್ಯಾಹ್ನ. ಗೊತ್ತಿರಬೇಕಾಗಿದ್ದು ಗುರುವಾರ.

ಗುರುವಾರ ಕೋರಿ ಒಂದು ಸಿಡಿ ಹಿಡಿದುಕೊಂಡು ಮೇಲೆ ಬಂದ. ಅವನ ಕಂಪ್ಯೂಟರ್ ಕೆಟ್ಟಿತ್ತು. "ಮಿಸ್ ಸುಧಾ, ಮಾರೋಕೆ ಐವತ್ತು ಕಾಪಿ ಬೇಕು. ನಿಮ್ಮನೇಲಿ ಆಗುತ್ತಾ?" ಹ್ಯೂಸ್ಟನ್‌ನ ಒಂದು ಸಿಡಿ ಅಂಗಡಿಯ ಮಾಲೀಕ ಅವನಿಗೆ ಫೋನ್ ಮಾಡಿದ್ದ. ಊರಿನ ಡಿಜೆ ಒಬ್ಬ ಹೊಸಬರ ಹಾಡುಗಳನ್ನು ಸೇರಿಸಿ ಒಂದು ಸಿಡಿ ಮಾಡುತ್ತಿದ್ದಾನೆ, ಶನಿವಾರ ಅಂಗಡಿಗೆ ತಂದುಕೊಟ್ಟರೆ ಕೇಳಿ ಅವನಿಗೆ ದಾಟಿಸುತ್ತೇನೆ, ಭಾನುವಾರಕ್ಕೆ ಪಟ್ಟಿ ಮುಗಿಯುತ್ತದೆ ಎಂದಿದ್ದನಂತೆ. ಆ ಸಿಡಿಯಲ್ಲಿ ಒಮ್ಮೆ ಬಂದರೆ ಊರಿಗೆಲ್ಲ ಹೆಸರು ಗೊತ್ತಾಗುತ್ತದೆ. ಮೂರು ವರ್ಷದಲ್ಲಿ ಕೋರಿಗೆ ಬಂದ ಮೊದಲ ಕರೆ ಅದು.

"ಆಗದೇ ಏನು? ಕೊಡು" ಎಂದೆ.

ಈಗ ನನ್ನ ಗಂಡನ ವಿಷಯ. ಗಿರೀಶ್ ಇಲ್ಲಿಯ ಟೆಲಿಕಾಂ ಕಂಪನಿಯೊಂದರಲ್ಲಿ ಟೆಸ್ಟಿಂಗ್ ಇಂಜಿನಿಯರ್ ಆಗಿದ್ದವರು. ಎರಡು ತಿಂಗಳ ಹಿಂದೆ ಲೇ ಆಫ್ ಆಯಿತು. (ಟೆಲಿಕಾಂ ಕಂಪನಿಗಳೇ ಸಾಲಾಗಿರುವ ಈ ರಸ್ತೆಯಲ್ಲಿ ಈಗ ಅದು ನೆಗಡಿಯಷ್ಟು ಸಾಮಾನ್ಯ.) ಗ್ರೀನ್ ಕಾರ್ಡ್ ಇದೆ, ಕೆಲಸ ಹೋಯಿತೆಂದು ದೇಶದಿಂದ ಯಾರೂ ಓಡಿಸುವುದಿಲ್ಲ. ಆದರೆ ಗಿರೀಶ್‌ಗೆ ಕೂರಲು ಬರುವುದಿಲ್ಲ. ಮೊದಲ ವಾರ ಮನೆಯ ನಲ್ಲಿಗಳನ್ನೆಲ್ಲ ಬಿಚ್ಚಿದರು. ಎರಡನೇ ವಾರ ಪಕ್ಕದ ಮನೆಯ ವಿಸಿಆರ್. ಮೂರನೇ ವಾರ ನಾನು ದೋಸೆ ಹುಯ್ಯುವ ರೀತಿ. ಕೆಟ್ಟಿದ್ದು ಏನೂ ಸಿಗದ ದಿನ ಮನೆಯೊಳಗೆ ಆ ಗೋಡೆಯಿಂದ ಈ ಗೋಡೆಗೆ ನಡೆಯುತ್ತಾರೆ. ನೋಡಿ ನೋಡಿ ನನಗೇ ಕಾಲು ನೋವು ಬಂದಿದೆ.

ಅಂಥವರ ಕೈಗೆ ಕೋರಿಯ ಸಿಡಿ ಸಿಕ್ಕಿತು.

"ಸುಧಾ, ಇಲ್ಲಿ ಬಾ. ಇದರ ಸ್ಪೀಡ ಬಿದ್ದದ ನೋಡು" ಎಂದರು. ಕೇಳಿದೆ. ಹೌದಲ್ಲ! ನಮ್ಮ ಕಾಲದಲ್ಲಿ ಸೆಲ್ ವೀಕ್ ಆದಾಗ ಟೇಪ್ ರೆಕಾರ್ಡರ್ ಹೀಗೇ ಅಲ್ಲವೇ ನರಳುತ್ತಿದ್ದುದು? ಸೆಲ್ ಬಿಚ್ಚಿ ಬಿಸಿಲಿಗಿಟ್ಟು, ಮತ್ತೆ ಹಾಕಿ, ಮತ್ತೊಂದು ಹಾಡು ಕೇಳಿದವರಲ್ಲವೇ ನಾವು? ಧಾರವಾಡದ ಓಣಿಯಲ್ಲಿ ಗಿರೀಶ್ ಎಷ್ಟು ಮನೆಗಳ ಟೇಪಿನ ಬೆಲ್ಟ್ ಬಿಗಿ ಮಾಡಿಕೊಟ್ಟಿದ್ದರೋ!

"ಹುಡುಗಗ ಗೊತ್ತs ಇಲ್ಲ, ಪಾಪ. ಹಿಂಗs ತಗೊಂಡ ಹೋದ್ರ ಮರ್ಯಾದಿ ಹೋಗತದ."

"ಒಂದ್ ಮಾತು ಅವನನ್ನ ಕೇಳ್ರೀ."

"ಕೇಳೂದೇನು? ಸರ್‌ಪ್ರೈಸ್ ಇರ್ಲಿ."

ಎರಡು ತಿಂಗಳ ಮೇಲೆ ಆ ಮುಖದಲ್ಲಿ ಕಳೆ ನೋಡಿದೆ. ಅದಕ್ಕೇ ನಾನು ಸುಮ್ಮನಾದದ್ದು. ಕಂಪ್ಯೂಟರಿನಲ್ಲಿ ಸ್ಪೀಡ್ ಏರಿಸಿದರು, ಸಿಕ್ಕಿಕೊಂಡಿದ್ದ ಪದಗಳನ್ನು ಒಂದೊಂದಾಗಿ ಕತ್ತರಿಸಿದರು, ಐವತ್ತು ಕಾಪಿ ತೆಗೆದು ಒಪ್ಪವಾಗಿ ಜೋಡಿಸಿದರು. "ಈಗ ಚೆನ್ನಾಗಿದೆ" ಎಂದವಳು ನಾನೇ.

ಶನಿವಾರ ಬೆಳಿಗ್ಗೆ ಮೂವರೂ ಹೊರಟೆವು. ಕೋರಿಗೆ ಕಾರಿಲ್ಲ. ನಮ್ಮ ಹಳೇ ಕಾರಿನಲ್ಲಿ ಕ್ಯಾಸೆಟ್ ಮಾತ್ರ ಹಾಕಬಹುದು, ಹಾಗಾಗಿ ನಾಲ್ಕು ಗಂಟೆಯ ದಾರಿಯುದ್ದಕ್ಕೂ ಅವನು ತನ್ನ ಹಾಡು ಕೇಳಲಿಲ್ಲ. ನಾನು ಕಟ್ಟಿದ್ದ ಚಿತ್ರಾನ್ನ ತಿಂದ, ಅಜ್ಜಿಯ ಕಥೆ ಹೇಳಿದ.

ಅಂಗಡಿಯ ಮಾಲೀಕ ಅರವತ್ತು ದಾಟಿದ ಮನುಷ್ಯ. ಕನ್ನಡಕ ಹಣೆಗೇರಿಸಿ ಸಿಡಿ ಹಾಕಿದ.

ಸ್ಪೀಕರಿನಿಂದ ಒಂದು ಬಾಲವಾಡಿ ಮಗು ರ‍್ಯಾಪ್ ಮಾಡತೊಡಗಿತು. ಅಜ್ಜಿ ಓಡೋಡಿ ಬಸ್ ಸ್ಟಾಪಿಗೆ ಬಂದಳು, ಓಡೋಡಿ ಮೊಣಕಾಲು ನೋಯಿಸಿಕೊಂಡಳು. ಅಂಗಡಿಯಲ್ಲಿದ್ದ ಮೂರ್ನಾಲ್ಕು ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೋರಿ ನಗಲಿಲ್ಲ. ಸ್ಪೀಕರನ್ನೇ ನೋಡುತ್ತಾ ನಿಂತಿದ್ದ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

"ಯಾರು ಮಾಡಿದ್ದು ಇದನ್ನ?" ಮಾಲೀಕ ಕೇಳಿದ.

ಗಿರೀಶ್ ಸ್ಕೂಲಿನ ಹುಡುಗನಂತೆ ಕೈ ಎತ್ತಿದರು. "ನಾನು. ಸ್ಪೀಡ್ ಸರಿ ಇರಲಿಲ್ಲ, ಅದಕ್ಕೆ ಕರೆಕ್ಟ್ ಮಾಡಿದೆ."

"ಸರಿ ಇತ್ತು ಸರ್. ಅದು ಇರೋದೇ ಹಾಗೆ." ಬೈಯಲಿಲ್ಲ ಆತ. ಬೈದಿದ್ದರೆ ಚೆನ್ನಾಗಿತ್ತು. ಕೋರಿಯ ಕಡೆ ತಿರುಗಿ, "ಒಳ್ಳೇದು ಎಲ್ಲಿದೆ?" ಎಂದ.

ಒಳ್ಳೆಯದು ರಿಚರ್ಡ್‌ಸನ್‌ನಲ್ಲಿ, ನಮ್ಮ ಮೇಜಿನ ಮೇಲೆ. ಇದ್ದದ್ದು ಅದೊಂದೇ. ಡಿಜೆ ಆಗಲೇ ಆಸ್ಟಿನ್‌ಗೆ ಹೋಗಿಯಾಗಿತ್ತು, ಭಾನುವಾರ ಮಧ್ಯಾಹ್ನದವರೆಗೆ ಅಲ್ಲಿರುತ್ತಾನೆ ಎಂದು ಮಾಲೀಕ ಒಂದು ಕ್ಲಬ್ಬಿನ ವಿಳಾಸ ಬರೆದುಕೊಟ್ಟ.

ಅಲ್ಲಿಂದಲೇ ವಾಪಸ್ ಹೊರಟೆವು. ಗಂಡನ ಮೇಲೆ ನನಗೆ ಕೆಟ್ಟ ಕೋಪ. ಅದಕ್ಕಿಂತ ಹೆಚ್ಚು ನನ್ನ ಮೇಲೆ. ಯಾಕೆ ನಾವು ಹೀಗೆ? ಯಾರಾದರೂ ಸ್ವಲ್ಪ ನಿಧಾನ ಕಂಡರೆ ಸಾಕು, ಕೈ ತುರಿಸುತ್ತದೆ. ಮಗು ಇನ್ನೂ ಮಾತಾಡಲಿಲ್ಲವೇ? ಡಿಗ್ರಿ ಇನ್ನೂ ಮುಗಿಯಲಿಲ್ಲವೇ? ಮನೆ ಇನ್ನೂ ತಗೊಂಡಿಲ್ಲವೇ? ಈ ದೇಶಕ್ಕೆ ಬಂದ ದಿನದಿಂದ ಓಡುತ್ತಲೇ ಇದ್ದೇವೆ. ನಿಂತವರು ಕಂಡರೆ ಸೆಲ್ ವೀಕ್ ಆಗಿದೆ ಎಂದುಕೊಳ್ಳುತ್ತೇವೆ. ಒಂದು ಗಂಟೆ ಕಳೆದ ಮೇಲೆ ಕೋರಿ ಹಿಂದಿನ ಸೀಟಿನಿಂದ ಮುಂದಕ್ಕೆ ಬಾಗಿದ. "ಮಿಸ್ ಸುಧಾ, ನೀವು ಒಂದ್ ಸಲ ನನ್ನ ಕೇಳಬಹುದಿತ್ತು." ಇಷ್ಟೇ ಅಂದದ್ದು. ನನ್ನ ಕಣ್ಣು ತುಂಬಿತು.

ಭಾನುವಾರ ಬೆಳಿಗ್ಗೆ ಮೂಲ ಸಿಡಿ ಹಿಡಿದು ಆಸ್ಟಿನ್‌ಗೆ ಹೊರಟೆವು. ಗಿರೀಶ್ ಗಾಡಿಯನ್ನು ವಿಮಾನ ಮಾಡಿದ್ದರು. (ದಾರಿಯಲ್ಲಿ ವೇಕೋ ಊರು ದಾಟುತ್ತಿದ್ದಂತೆ ಪೊಲೀಸ್ ನಿಲ್ಲಿಸಿ ದಂಡದ ಚೀಟಿ ಕೊಟ್ಟ. ಆತನೂ ಕೊಡಲು ಬಹಳ ಹೊತ್ತು ತೆಗೆದುಕೊಂಡ.) ಕ್ಲಬ್ಬಿನ ಹಿಂದಿನ ಪಾರ್ಕಿಂಗ್ ಲಾಟ್‌ನಲ್ಲಿ ಡಿಜೆ ಸ್ಪೀಕರುಗಳನ್ನು ವ್ಯಾನಿಗೆ ಏರಿಸುತ್ತಿದ್ದ. ಕೋರಿ ಸಿಡಿ ಕೊಟ್ಟ. ಡಿಜೆ ವ್ಯಾನಿನ ಮೆಟ್ಟಿಲ ಮೇಲೆ ಕೂತು, ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿದ.

ಹಾಡು ಪೂರ್ತಿ ಕೇಳಿದ. ಗಿರೀಶ್ ನಾಲ್ಕು ಸಲ ವಾಚ್ ನೋಡಿದರು.

ಡಿಜೆ ಕಣ್ಣು ತೆರೆದ. "ಹಾಕ್ಕೋತೀನಿ" ಎಂದ. ಕೋರಿ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ. "ಆದ್ರೆ ಸ್ವಲ್ಪ ಫಾಸ್ಟ್ ಆಯ್ತು ಮಗಾ. ಇನ್ನೂ ನಿಧಾನ ಮಾಡ್ತೀನಿ, ಪರವಾಗಿಲ್ವಾ?"

ಕೋರಿ ಗಹಗಹಿಸಿ ನಕ್ಕ. ನಾನೂ ನಕ್ಕೆ. ಗಿರೀಶ್ ಮಾತ್ರ ಬಿಸಿಲಲ್ಲಿ ಕಾರಿನ ಕೀ ಹಿಡಿದು ನಿಂತಿದ್ದವರು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು:

"ಸುಧಾ, ಇದಕ್ಕಿಂತ ನಿಧಾನ ಹೆಂಗ ಇರಬೇಕs?"