ಅಕ್ಕ ಒಪ್ಪಿದ ಡೀಸೆಲ್ ಗಾಡಿ

ನಿನ್ನೆ ಬೆಳಿಗ್ಗೆ ಜಪಕ್ಕೆ ಕುಳಿತಿದ್ದಾಗ ಕರೆಂಟು ಹೋಯಿತು. ಬೀದಿಯ ಕೊನೆಯ ಕಲ್ಯಾಣಮಂಟಪದವರು ಜನರೇಟರ್ ಹಾಕಿದರು. ಮೊದಲು ಗಡಗಡ ಸದ್ದು ಬಂತು. ಅದರ ಹಿಂದೆಯೇ ಡೀಸೆಲ್ಲಿನ ಕಮಟು ಕಿಟಕಿಯಿಂದ ನುಸುಳಿ, ದೇವರ ಮನೆಯ ಊದುಬತ್ತಿಯ ಪರಿಮಳದ ಪಕ್ಕದಲ್ಲಿ ಸಂಕೋಚವಿಲ್ಲದೆ ನಿಂತಿತು. ಜಪಕ್ಕೆ ಕುಳಿತವನು ಇಂಥ ವಾಸನೆಗೆ ಮುಖ ಸಿಂಡರಿಸಬೇಕು. ನನಗೋ ಮುಚ್ಚಿದ ಕಣ್ಣಿನೊಳಗೇ ನಗು ಬಂದು ಎಣಿಕೆ ತಪ್ಪಿತು. ಭಗವಂತ ಮನ್ನಿಸುತ್ತಾನೆಂದು ನಂಬಿದ್ದೇನೆ. ನಮ್ಮ ಅಕ್ಕ ಅವನ ಪಾದ ಸೇರಿ ವರ್ಷಗಳಾದವು. ಅವಳ ಮಾತನ್ನು ಕೇಳಿ ಅವನಿಗೂ ಈ ಹೊತ್ತಿಗೆ ಅಭ್ಯಾಸವಾಗಿರಬೇಕು.

ಅಮ್ಮ ತೀರಿಕೊಂಡ ಮೇಲೆ ನನ್ನನ್ನೂ ತಮ್ಮ ಶೀನನನ್ನೂ ಸಾಕಿದವಳು ಅಕ್ಕ. ತಾನು ಮದುವೆಯಾಗಲಿಲ್ಲ. ಜಯನಗರದ ನಮ್ಮ ಮನೆಯಲ್ಲಿ ಅವಳ ಮಾತಿಲ್ಲದೆ ಯಾವ ಕೆಲಸವೂ ಮೊದಲಾಗುತ್ತಿರಲಿಲ್ಲ. ಹೂವಾಡಗಿತ್ತಿಯ ಮಗಳ ಬಾಣಂತನದಿಂದ ಹಿಡಿದು ಮಠದ ಸ್ವಾಮಿಗಳ ಪ್ರವಚನದವರೆಗೆ ಎಲ್ಲದರ ಮೇಲೂ ಅವಳದೊಂದು ಭಾಷ್ಯವಿರುತ್ತಿತ್ತು. ಅಂಥವಳಿಗೆ ವಯಸ್ಸಾಗುತ್ತ ಕಿವಿ ಮಂದವಾಯಿತು. ಡಾಕ್ಟರು ಕೊಟ್ಟ ಯಂತ್ರವನ್ನು ಎರಡು ದಿನ ಇಟ್ಟುಕೊಂಡು, "ಇದು ಕುಕ್ಕರ್ ಥರ ಸೀಟಿ ಹೊಡಿಯುತ್ತಪ್ಪ" ಎಂದು ತೆಗೆದಿಟ್ಟಳು.

ಇಲ್ಲಿ ನಮ್ಮ ಮನೆಯ ಒಂದು ಸಂಪ್ರದಾಯವನ್ನು ಹೇಳಬೇಕು. ಹಿರಿಯರ ಮುಂದೆ ದನಿ ಏರಿಸುವುದು ನಮ್ಮಲ್ಲಿ ಮಹಾ ಅವಿನಯ. ತಂದೆಯವರ ಎದುರು ನಾವು ಪಾಠ ಒಪ್ಪಿಸುವಾಗಲೂ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದೆವು. ಅಕ್ಕನಿಗೆ ವಯಸ್ಸಾದಷ್ಟೂ ಅವಳ ಮೇಲಿನ ಗೌರವ ಹೆಚ್ಚಿತು. ಗೌರವ ಹೆಚ್ಚಿದಷ್ಟೂ ನಮ್ಮ ದನಿ ಇಳಿಯಿತು. ಅವಳಿಗೆ ಕೇಳಿಸುವುದು ಕಡಿಮೆಯಾದ ಕಾಲದಲ್ಲಿಯೇ ನಾವು ಇನ್ನೂ ಮೆತ್ತಗೆ ಮಾತನಾಡತೊಡಗಿದ್ದೆವು. ಇದರ ವೈಪರೀತ್ಯ ಆಗ ನಮ್ಮ ಯಾರ ಬುದ್ಧಿಗೂ ಹೊಳೆಯಲಿಲ್ಲ. ನಾವು ಕೇಳಿದ್ದಕ್ಕೆಲ್ಲ ಅಕ್ಕ "ಹೂಂ, ಚೆನ್ನಾಗಿದೆ" ಎನ್ನುವುದನ್ನು ರೂಢಿಮಾಡಿಕೊಂಡಳು. ಊಟವಾದೊಡನೆ ದೇವರ ಮನೆಗೆ ಹೋಗಿ ಕುಳಿತುಬಿಡುತ್ತಿದ್ದಳು. ನಾವು ಅದನ್ನು ವೈರಾಗ್ಯವೆಂದು ತಿಳಿದು ಮನಸ್ಸಿನಲ್ಲಿಯೇ ಕೈಮುಗಿದೆವು.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಪ್ರತಿವರ್ಷ ಮನೆಮಂದಿಯೆಲ್ಲ ಕುಲದೇವರ ದರ್ಶನಕ್ಕೆ ಹೋಗುವುದು ವಾಡಿಕೆ. ಆ ವರ್ಷ ಅಕ್ಕ, "ನಾನ್ಯಾಕೆ? ನೀವೆಲ್ಲಾ ಹೋಗ್ಬನ್ನಿ. ಸುಮ್ನೆ ಒಂದು ಮೂಟೆ ಹೊತ್ಕೊಂಡು ಹೋದ ಹಾಗಾಗುತ್ತೆ" ಎಂದಳು. ನನ್ನ ಪತ್ನಿ ಕಮಲ ಒಳಗೆ ಹೋಗಿ ಕಣ್ಣೊರೆಸಿಕೊಂಡಳು. ಅಕ್ಕನಿಲ್ಲದೆ ಕುಲದೇವರ ಮುಂದೆ ಯಾವ ಮುಖ ಹೊತ್ತು ನಿಲ್ಲುವುದು?

ಶೀನ ಬ್ಯಾಂಕಿನಲ್ಲಿದ್ದವನು, ಯಾವ ದುಃಖಕ್ಕೂ ಒಂದು ಯೋಜನೆ ಹಾಕುವ ಸ್ವಭಾವ. "ಅಣ್ಣಾ, ಬಸ್ಸಲ್ಲಿ ಅಕ್ಕಂಗೆ ಕಷ್ಟ. ಎಂಟು ಜನ ಕೂರೋ ಒಂದು ದೊಡ್ಡ ಗಾಡಿ ಸೆಕೆಂಡ್ ಹ್ಯಾಂಡಲ್ಲಿ ತೊಗೊಂಡ್ಬಿಡೋಣ. ಆಗ ಬರಲ್ಲ ಅನ್ನಕ್ಕಾಗಲ್ಲ" ಎಂದ.

ಅಂದಿನಿಂದ ನಮ್ಮ ಭಾನುವಾರಗಳೆಲ್ಲ ಪರರ ವಾಹನಗಳ ಪರೀಕ್ಷೆಗೆ ಮೀಸಲಾದವು. ನಾನು ಪಂಚಾಂಗ ನೋಡಿ ಹೊರಡುವ ವೇಳೆ ಹೇಳಬೇಕು, ಮಿಕ್ಕದ್ದೆಲ್ಲ ಶೀನನದು. "ನೀನು ರಾಹುಕಾಲ ನೋಡು ಅಣ್ಣಾ, ನಾನು ಆಯಿಲ್ ನೋಡ್ತೀನಿ" ಎಂದು ರೇಗಿಸುವನು. ಯಾರ ಮನೆಗೆ ಹೋದರೂ ಮೊದಲು ಬಾನೆಟ್ಟಿನ ಮೇಲೆ, ಮಗುವಿನ ಹಣೆಯ ಜ್ವರ ನೋಡುವಂತೆ, ಅಂಗೈ ಇಡುವನು. ಮಾರುವವರು ನಾವು ಬರುವ ಮುಂಚೆಯೇ ಎಂಜಿನ್ ಓಡಿಸಿ ಬಿಸಿಮಾಡಿಟ್ಟಿದ್ದರೆ ಅದರ ನಿಜವಾದ ಆರೋಗ್ಯ ತಿಳಿಯುವುದಿಲ್ಲವಂತೆ. ತಣ್ಣಗಿರುವಾಗ ಚಾಲೂ ಮಾಡಿ, ಹಿಂದಿನ ಹೊಗೆಯ ಬಣ್ಣ ನೋಡಬೇಕಂತೆ. ಟ್ಯಾಕ್ಸಿಯಾಗಿ ದುಡಿದ ಗಾಡಿಯನ್ನು ಅವನು ಪೆಡಲುಗಳ ಸವೆತದಿಂದಲೇ ಗುರುತಿಸುತ್ತಿದ್ದ.

ಎಂಜಿನ್ ಯಾವುದಿರಬೇಕು ಎನ್ನುವುದರಲ್ಲಿ ಅವನಿಗೆ ಸಂಶಯವಿರಲಿಲ್ಲ. "ದಿನಾ ಓಡ್ಸೋರಿಗೆ ಡೀಸೆಲ್. ನಮ್ಮ ಹಾಗೆ ವರ್ಷಕ್ಕೆ ನಾಕು ಸಲ ತೆಗೆಯೋರಿಗೆ ಪೆಟ್ರೋಲೇ ಸರಿ. ಡೀಸೆಲ್ ಗಾಡೀನ ನಿಲ್ಲಿಸಿಟ್ರೆ ರಿಪೇರಿಗೇ ಬೀಳುತ್ತೆ." ನನಗೂ ಪೆಟ್ರೋಲೇ ಇಷ್ಟವಾಗಿತ್ತು. ಸದ್ದಿಲ್ಲದ ಗಾಡಿಯಾದರೆ ಅಕ್ಕನಿಗೆ ನಮ್ಮ ಮಾತು ನಾಲ್ಕಾದರೂ ಕಿವಿಗೆ ಬಿದ್ದೀತು ಎಂಬ ಆಸೆ. ದೊಡ್ಡ ಗಾಡಿಗಳಲ್ಲಿ ಪೆಟ್ರೋಲಿನವು ಅಪರೂಪ. ಕೊನೆಗೆ ಜೆ.ಪಿ. ನಗರದ ಡಾಕ್ಟರೊಬ್ಬರ ಮನೆಯಲ್ಲಿ ಒಂದು ಸಿಕ್ಕಿತು. ಅಕ್ಕನನ್ನೂ ಕಮಲಳನ್ನೂ ಕರೆದುಕೊಂಡು ಹೋಗಿ ಅದರಲ್ಲಿ ಒಂದು ಸುತ್ತು ಓಡಿಸಿ ನೋಡಿದೆವು.

ಆ ಗಾಡಿಯನ್ನು ಏನೆಂದು ವರ್ಣಿಸಲಿ! ಗಾಜು ಏರಿಸಿದರೆ ಒಳಗೆ ಗರ್ಭಗುಡಿಯ ನಿಶ್ಶಬ್ದ. ಎಂಜಿನ್ ಹೊತ್ತಿತೋ ಇಲ್ಲವೋ ಎಂದು ಕೇಳಿ ತಿಳಿಯಬೇಕು. ಡಾಕ್ಟರೂ ಅಷ್ಟೇ ಮೃದುಭಾಷಿ. ನಾವು ಮೊದಲೇ ಮೆತ್ತಗಿನವರು. ಆ ಮೌನದಲ್ಲಿ ಪಿಸುಮಾತಿಗೇ ಇಳಿದೆವು. "ಅತ್ತಿಗೆ, ಮಂಡಿ ನೋಯ್ತಿದ್ಯಾ?" ಎಂದು ಕಮಲ ಕೇಳಿದಳು. "ಹೂಂ, ಚೆನ್ನಾಗಿದೆ" ಎಂದು ಅಕ್ಕ ಕಿಟಕಿಯಾಚೆ ತಿರುಗಿದಳು. ದಾರಿಯುದ್ದಕ್ಕೂ ಅವಳು ಆ ಕಡೆಯೇ ನೋಡುತ್ತಿದ್ದಳು.

ಗಾಡಿ ಉತ್ತಮವಾಗಿತ್ತು. ಮಾತು ಕೊಡುವುದೊಂದೇ ಬಾಕಿ. ಆದರೆ ಬಿ.ಟಿ.ಎಂ. ಲೇಔಟಿನಲ್ಲಿ ಇನ್ನೊಂದನ್ನು ನೋಡಲು ಶೀನ ಮೊದಲೇ ಒಪ್ಪಿಕೊಂಡಿದ್ದ; ಹೇಳಿದ ಮೇಲೆ ಹೋಗದಿರುವುದು ಸಭ್ಯತೆಯಲ್ಲವೆಂದು ಹೋದೆವು.

ಮಾರುವವರು ಬಸವರಾಜು ಎಂದು, ಗದಗಿನ ಕಡೆಯವರು. ಇಲ್ಲಿನ ಆಫೀಸಿನಿಂದ ವರ್ಗವಾಗಿ ಹೊರಟಿದ್ದರು. ಬೀದಿಯ ತಿರುವಿನಲ್ಲಿ ನಾವು ಕಂಡೊಡನೆ, "ಬರ್ರಿ ಸರ, ಬರ್ರಿ! ಅವ್ವಾರ, ಹುಷಾರ್ರೀ, ಮೆಟ್ಲ ಎತ್ತರ ಐತಿ!" ಎಂದು ಇಡೀ ಬೀದಿಗೆ ಕೇಳುವಂತೆ ಕರೆದರು.

"ಹೂಂ ಕಣಪ್ಪ, ನಿಧಾನವಾಗೇ ಹತ್ತುತೀನಿ. ನಿಮ್ಮನೇವ್ರು ಊರಲ್ಲಿದಾರೋ ಇಲ್ಲೇನೋ?" ಎಂದಳು ಅಕ್ಕ.

ನಾನೂ ಕಮಲಳೂ ಮುಖ ಮುಖ ನೋಡಿಕೊಂಡೆವು. ಅಕ್ಕ ತಾನಾಗಿ ಒಂದು ಪ್ರಶ್ನೆ ಕೇಳಿ ಎಷ್ಟೋ ಕಾಲವಾಗಿತ್ತು.

ಅದು ಡೀಸೆಲ್ ಗಾಡಿ. ಕೀಲಿ ತಿರುಗಿಸಿದೊಡನೆ ಯಾಗಶಾಲೆಯಲ್ಲಿ ಹತ್ತಾರು ಋತ್ವಿಜರು ಒಟ್ಟಿಗೆ ಕೆಮ್ಮಿದಂತಾಯಿತು. ಸೀಟು ನಡುಗಿತು. "ಸೌಂಡ್ ಸ್ವಲ್ಪ ಜಾಸ್ತಿ ಐತ್ರಿ ಸರ. ಇದರಾಗ ಅದೊಂದ ಐಬು ನೋಡ್ರಿ, ಉಳದದ್ದೆಲ್ಲ ಗಟ್ಟಿ" ಎಂದರು ಬಸವರಾಜು, ಶೀನನ ಪಕ್ಕದ ಸೀಟಿನಿಂದ. ಶೀನ ಗಾಡಿಯನ್ನು ಬನ್ನೇರುಘಟ್ಟ ರಸ್ತೆಗೆ ತಿರುಗಿಸಿ ಹುಳಿಮಾವಿನ ಕಡೆ ಹೊರಟ. ಹಿಂದೆ ಅಕ್ಕ, ನಾನು, ಕಮಲ.

ಅಲ್ಲಿ ಮೆತ್ತಗೆ ಮಾತನಾಡುವುದು ಸಾಧ್ಯವೇ ಇರಲಿಲ್ಲ. ನಮಗೇ ನಮ್ಮ ಮಾತು ಕೇಳಬೇಕಾದರೆ ಕೂಗಬೇಕು.

"ಅತ್ತಿಗೇ, ನೀವು ಮಾಡಿದ್ದ ಗೊಜ್ಜು ಯಾಕೋ ಹುಳಿ ಇತ್ತು ಮೊನ್ನೆ!" ಎಂದು ಶೀನ ಮುಂದಿನಿಂದ ಅರಚಿದ.

"ಹುಣಸೇಹಣ್ಣು ಜಾಸ್ತಿ ಆಗೋಯ್ತು ಕಣೋ!" ಎಂದು ಕಮಲ ಹಿಂದಿನಿಂದ ಕೂಗಿದಳು.

"ಹುಣಸೇಹಣ್ಣಲ್ಲ ಕಣೇ ಕಮಲ, ಬೆಲ್ಲ ಸಾಲ್ದು. ನಾನು ಅವತ್ತೇ ಹೇಳ್ಬೇಕು ಅಂತಿದ್ದೆ. ಹೇಳಿದ್ರೆ ಅತ್ತಿಗೆ ಬಾಯಿ ಹಾಕಿದ್ಳು ಅಂತೀಯ ಅಂತ ಸುಮ್ನಾದೆ!"

ಅಕ್ಕನ ದನಿ. ಬಸವರಾಜು ಹಿಂದೆ ತಿರುಗಿ, "ಖರೇ ಅವ್ವಾರ! ನಮ್ಮಾಕಿನೂ ಬೆಲ್ಲ ಹಾಕೂದ್ರಾಗ ಬಾಳ ಜಿಪುಣಿ!" ಎಂದರು. ಅಕ್ಕ ನಕ್ಕಳು. ಹುಳಿಮಾವಿನ ಕೆರೆ ಬರುವಷ್ಟರಲ್ಲಿ ಗದಗಿನಲ್ಲಿ ಗೊಜ್ಜಿಗೆ ಏನೇನು ಹಾಕುತ್ತಾರೆಂಬುದನ್ನೂ, ಶೀನನ ಹೊಟ್ಟೆ ಯಾಕೆ ಮುಂದೆ ಬರುತ್ತಿದೆ ಎಂಬುದನ್ನೂ, ನಾನು ಮಠದಲ್ಲಿ ಹೇಳುವ ಪ್ರವಚನ ಯಾಕೆ ಇಷ್ಟು ಉದ್ದವಾಗುತ್ತದೆ ಎಂಬುದನ್ನೂ ಅವಳು ವಿಚಾರಿಸಿ ಮುಗಿಸಿದ್ದಳು.

ಮರಳಿ ಬರುವಾಗ ನನ್ನ ಕಿವಿಯ ಬಳಿ ಬಾಗಿ, ತಾನು ಮೆಲ್ಲಗೆ ಹೇಳುತ್ತಿದ್ದೇನೆಂದುಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದಳು: "ಇದ್ರಲ್ಲಿ ನೀವೆಲ್ಲಾ ಮನುಷ್ಯರ ಥರ ಮಾತಾಡ್ತೀರಿ ಕಣೋ. ಮನೇಲಿ ಬರೀ ಬಾಯಿ ಆಡಿಸ್ತೀರಿ. ನನ್ನ ವಿಷಯಾನೇ ಏನೋ ಆಡ್ಕೋತಿದೀರಿ ಅಂದ್ಕೊಂಡಿದ್ದೆ."

ಶೀನ ಹೊಗೆಯ ಬಣ್ಣ ನೋಡಲಿಲ್ಲ. ಬಾನೆಟ್ಟನ್ನೂ ಮುಟ್ಟಲಿಲ್ಲ. ಗಾಡಿ ನಿಲ್ಲಿಸಿ ನನ್ನ ಕಡೆ ತಿರುಗಿದ. "ಅಣ್ಣಾ, ಇದೇ" ಎಂದ.

ಅಕ್ಕ ಆ ವರ್ಷ ಕುಲದೇವರಿಗೆ ಬಂದಳು. ಹೋಗುವಾಗಲೂ ಬರುವಾಗಲೂ ಅವಳದೇ ಪಾರುಪತ್ಯ. ನೀವು ಕೇಳಬಹುದು: ಗುಟ್ಟು ತಿಳಿದ ಮೇಲೆ ಮನೆಯಲ್ಲಿಯೂ ಗಟ್ಟಿಯಾಗಿ ಮಾತನಾಡಬಹುದಿತ್ತಲ್ಲ? ಪ್ರಯತ್ನಿಸಿದೆವು. ಶೀನ ಒಮ್ಮೆ ಅಡಿಗೆಮನೆಯಲ್ಲಿ ಕೂಗಿ ನೋಡಿದ. "ಯಾಕೋ ಅರಚ್ತೀಯಾ? ನಾನೇನು ಕಿವುಡೀನಾ?" ಎಂದು ಅಕ್ಕ ಮುನಿಸಿಕೊಂಡು ಊಟವನ್ನೇ ಬಿಟ್ಟಳು. ಗಾಡಿಯೊಳಗೆ ಎಲ್ಲರೂ ಎಲ್ಲರ ಮೇಲೂ ಕೂಗುತ್ತಿದ್ದೆವು. ಮನೆಯಲ್ಲಿ ಅವಳೊಬ್ಬಳ ಮೇಲೆ. ಆ ಭೇದವನ್ನು ಅವಳು ನಮಗಿಂತ ಚೆನ್ನಾಗಿ ಬಲ್ಲಳು.

ಹೀಗಾಗಿ ಸಂಜೆಯ ದೀಪ ಹಚ್ಚಿದ ಮೇಲೆ ಯಾವುದಾದರೊಂದು ನೆಪ ಹುಡುಕಿ ಹೊರಡುವುದು ರೂಢಿಯಾಯಿತು. ಬನಶಂಕರಿಯಮ್ಮನ ದರ್ಶನ ಒಂದು ದಿನ, ಸೊಪ್ಪು ತರುವುದು ಒಂದು ದಿನ, ಏನೂ ಇಲ್ಲದಿದ್ದರೆ ಜರಗನಹಳ್ಳಿಯವರೆಗೆ ಹೋಗಿ ತಿರುಗಿಸಿಕೊಂಡು ಬರುವುದು. ದಿನವೂ ಓಡಿದ್ದರಿಂದ ಆ ಡೀಸೆಲ್ ಎಂಜಿನ್ ಅಕ್ಕನಿರುವ ತನಕ ಒಮ್ಮೆಯೂ ಕೈಕೊಡಲಿಲ್ಲ. ಶೀನನ ಲೆಕ್ಕಾಚಾರ, ಅವನೇ ನೆನೆಯದ ದಾರಿಯಿಂದ, ಸರಿಯಾಗಿಯೇ ಬಂತು.

ಈಗ ನಾನು ಮನೆಗೆ ಹಿರಿಯ. ನನ್ನ ಸೊಸೆ ಒಳ್ಳೆಯ ಮನೆತನದ ಹುಡುಗಿ. ನನ್ನ ಮುಂದೆ ದನಿ ಏರಿಸುವವಳಲ್ಲ. ನಿನ್ನೆ ಮಧ್ಯಾಹ್ನ ಊಟಕ್ಕೆ ಕುಳಿತಾಗ ಬಗ್ಗಿ ಏನೋ ಕೇಳಿದಳು. ತುಟಿ ಆಡಿದ್ದು ಕಂಡಿತು. ಕೆಲವು ತಿಂಗಳಿಂದ ಇಂಥ ಹೊತ್ತಿನಲ್ಲಿ ಸುಮ್ಮನೆ ತಲೆಯಾಡಿಸುತ್ತ ಬಂದಿದ್ದೆ. ನಿನ್ನೆ ಕೈತುತ್ತನ್ನು ಎಲೆಗಿಳಿಸಿ ಹೇಳಿದೆ: "ಕೇಳಿಸ್ಲಿಲ್ಲಮ್ಮ. ಸ್ವಲ್ಪ ಗಟ್ಟಿಯಾಗಿ ಹೇಳು."

ಅಕ್ಕನ ಬಾಯಿಂದ ಈ ಒಂದು ಮಾತು ಕಡೆಯವರೆಗೂ ಬರಲಿಲ್ಲ. ನನಗೂ ಸುಲಭವಾಗಿ ಬರಲಿಲ್ಲ.

ಹುಡುಗಿ ಕೆಂಪಾದಳು. ಗಂಡನ ಮುಖ ನೋಡಿದಳು. ಆಮೇಲೆ ಉಸಿರು ತುಂಬಿಕೊಂಡು, ಮನೆಯ ಗೋಡೆಗಳು ಎಂದೂ ಕೇಳದಷ್ಟು ಗಟ್ಟಿ ದನಿಯಲ್ಲಿ ಕೂಗಿದಳು: "ಮಾವಾ, ಇನ್ನೊಂದು ಸೌಟು ಸಾರು ಹಾಕ್ಲಾ ಅಂದೆ!"

"ಹಾಕಮ್ಮ" ಎಂದು ನಾನೂ ಅಷ್ಟೇ ಗಟ್ಟಿಯಾಗಿ ಕೂಗಿದೆ.