ನಮ್ಮ ಬೂತಿನ ಆರನೆಯ ಓಟು

ನಮ್ಮ ಮಾವನ ಎಡಗೈ ತೋರುಬೆರಳಿನ ಉಗುರು ನಡುವೆ ಸೀಳಿ ಎರಡು ಭಾಗವಾಗಿಯೇ ಬೆಳೆಯುತ್ತಿತ್ತು. ಮಗ್ಗದಲ್ಲಿ ಕೂತಾಗ ಎಂದೋ ಆದ ಗಾಯವಂತೆ. ಓಟಿನ ದಿನ ಹಚ್ಚಿದ ಶಾಯಿ ಆ ಸೀಳಿಗೆ ಇಳಿದುಬಿಡುತ್ತಿತ್ತು. ಊರಿನವರ ಬೆರಳೆಲ್ಲ ಬೆಳ್ಳಗಾದ ಮೇಲೂ ಮಾವನ ಬೆರಳಲ್ಲಿ ಚುನಾವಣೆ ಉಳಿದಿರುತ್ತಿತ್ತು.

ನಾನು ಕೊಳ್ಳೇಗಾಲದ ಕಡೆಯಿಂದ ತಮಿಳು ಸೀಮೆಯ ನೆಗಮಂಗೆ ಸೊಸೆಯಾಗಿ ಬಂದವಳು. ಈ ಮನೆಯಲ್ಲಿ ಎಲ್ಲರೂ ಕನ್ನಡ ಆಡುತ್ತಾರೆ, ಓದಲು ಬರುವುದು ನನಗೊಬ್ಬಳಿಗೆ. ಹೀಗಾಗಿ ನಾನು ಬರೆಯುವ ಇದನ್ನು ಮನೆಯವರು ಯಾರೂ ಓದಲಾರರು. ಅದೇ ಧೈರ್ಯ ನನಗೆ.

ಮಾವನಿಗೆ ಇಸವಿ ತಿಂಗಳು ನೆನಪಿರುತ್ತಿರಲಿಲ್ಲ, ನಮ್ಮ ಕ್ಷೇತ್ರದ ಗೆಲುವು ಸೋಲು ನೆನಪಿರುತ್ತಿತ್ತು. "ದೊಡ್ಡವನು ಹುಟ್ಟಿದ್ದು ತೆಂಗಿನಮಂಡಿಯವರು ಸೋತ ವರ್ಷ ಅಮ್ಮಿಣಿ. ಚಿಕ್ಕವನಿಗೆ ಕಿವಿ ಚುಚ್ಚಿಸಿದ್ದು ಅವರೇ ಪಾರ್ಟಿ ಬದಲಿಸಿ ಜಯಿಸಿದ ವರ್ಷ." ಅಮ್ಮಿಣಿ ಎಂದರೆ ನಾನು, ಈ ಸೀಮೆಯಲ್ಲಿ ಮುದ್ದಿನ ಹೆಣ್ಣುಮಕ್ಕಳನ್ನು ಹಾಗೆ ಕರೆಯುತ್ತಾರೆ. ನಮ್ಮ ಭಾಗವನ್ನು ಒಂದು ಕ್ಷೇತ್ರದಿಂದ ಕಿತ್ತು ಇನ್ನೊಂದಕ್ಕೆ ಸೇರಿಸಿದ್ದನ್ನು ಅವರು ಮಗಳ ಮದುವೆಯ ಹಾಗೆ ಹೇಳುತ್ತಿದ್ದರು: "ನಮ್ಮನ್ನ ಆ ಮನೆಗೆ ಕೊಟ್ಟುಬಿಟ್ಟರು. ಒಂದು ಮಾತು ಕೇಳಲಿಲ್ಲ."

ಯಾರು ಗೆದ್ದರೂ ಅವರ ವ್ಯಾನು ನೇಕಾರರ ಬೀದಿಯ ಮೂಲೆಯಲ್ಲಿ ನಿಂತು, ಮೈಕಿನಲ್ಲಿ ಕೂಗಿ, ಅಲ್ಲಿಂದಲೇ ತಿರುಗಿ ಹೋಗುತ್ತಿತ್ತು. ಹೋದ ಚುನಾವಣೆಗೆ ಬೀದಿಯವರು ಗುಡಿಯ ಜಗಲಿಯ ಮೇಲೆ ಸೇರಿ, ಈ ಸಲ ನಮ್ಮವರೇ ಒಬ್ಬರು ನಿಲ್ಲಲಿ ಎಂದರು. ಎಲ್ಲರೂ ಮಾವನ ಕಡೆ ನೋಡಿದರು. ಮಾವ ಬೇಡವೆಂದರು, ಬೀದಿಯವರು ಒತ್ತಾಯಿಸಿದರು, ಮಾವ ನಿಂತರು.

ಎಣಿಕೆಯ ದಿನ ನಮ್ಮೆಜಮಾನರು ನಮ್ಮ ಬೂತಿನ ಲೆಕ್ಕ ತಿಳಿದು ಬಂದರು. ಮನೆಯಲ್ಲಿ ಓಟಿದ್ದವರು ಆರು ಜನ. ಬೂತಿನಲ್ಲಿ ಮಾವನಿಗೆ ಬಿದ್ದದ್ದು ಐದು.

ಮಾವ ಮರುದಿನ ತೊಳೆದ ವೇಷ್ಟಿ ಉಟ್ಟು, ಗೆದ್ದವರು ಮಾಡುವ ಹಾಗೆ ಮನೆಮನೆಗೂ ಹೋಗಿ ಕೈಮುಗಿದು ಬಂದರು. ಪ್ರತಿ ಮನೆಯಲ್ಲೂ "ನಿಮಗೇ ಹಾಕಿದ್ದು" ಎಂದರಂತೆ. ಅವರು ಆ ದಿನ ಕುಡಿದ ಮಜ್ಜಿಗೆಯ ಲೋಟಗಳು ಅವರಿಗೆ ಬಿದ್ದ ಓಟಿಗಿಂತ ಹೆಚ್ಚಿದ್ದವು. "ಪಾಪ, ಅವರೇನು ಮಾಡ್ತಾರೆ, ಬೂತಿಗೆ ಹೋದಾಗ ಕೈ ಹಳೇ ಕಡೆಗೇ ಹೋಗಿರುತ್ತೆ" ಎಂದು ನಕ್ಕರು.

ಬೀದಿಯದು ಹಾಳಾಗಿ ಹೋಗಲಿ. ಮನೆಯ ಆರನೆಯ ಓಟು ಎಲ್ಲಿ ಹೋಯಿತು? ಮಗು ಮಲಗಲೆಂದು ನಾನೊಬ್ಬಳೇ ತಡವಾಗಿ ಹೋಗಿದ್ದೆ. ಬಿಸಿಲೆಂದು ಇನ್ನೊಂದು ಪಾರ್ಟಿಯ ಹೆಂಗಸಿನ ಸ್ಕೂಟಿ ಹತ್ತಿದ್ದೆ. ಅಷ್ಟು ಸಾಕಾಯಿತು. ಯಾರೂ ಏನೂ ಕೇಳಲಿಲ್ಲ. ನಾನು ಮಗ್ಗದ ಕೋಣೆಗೆ ಕಾಫಿ ಒಯ್ದರೆ ಮಾತು ನಿಲ್ಲುತ್ತಿತ್ತು. ಓರಗಿತ್ತಿ ಲೋಟ ತೆಗೆದುಕೊಳ್ಳುವಾಗ ಮುಖ ನೋಡುತ್ತಿರಲಿಲ್ಲ. ನಾನು ಮಾವನಿಗೇ ಹಾಕಿದ್ದೆ. ಆದರೂ ಕಳ್ಳಿಯ ಹಾಗೆ ತಲೆ ತಗ್ಗಿಸಿ ಓಡಾಡಿದೆ. ಮಾಡದ ತಪ್ಪಿನ ನಾಚಿಕೆಯನ್ನು ತೊಳೆದುಕೊಳ್ಳುವುದು ಹೇಗೆಂದು ಗೊತ್ತಾಗಲಿಲ್ಲ. ಮಾವನಿಗೆ ಇದೊಂದೂ ತಿಳಿದಿರಲಿಲ್ಲ.

ತಿಳಿದದ್ದು ನೆಂಟರ ಮದುವೆಯಲ್ಲಿ. ಮುಯ್ಯಿ ಬರೆಸುವ ಮೇಜಿನ ಮುಂದೆ ಸಾಲು ನಿಂತಿದ್ದೆವು. ಕವರು ನನ್ನ ಕೈಯಲ್ಲಿತ್ತು. ಅತ್ತೆಯ ತಂಗಿ ನಗುತ್ತಲೇ ಅಂದರು: "ಅಕ್ಕಾ, ಅದನ್ನ ನೀನು ಹಿಡ್ಕೋ. ನಿನ್ನ ಸೊಸೆ ಬೇರೆ ಮನೆಗೆ ಹಾಕಿಬಿಡುತ್ತಾಳೆ."

ಸುತ್ತ ನಿಂತವರು ನಕ್ಕರು. ಮಾವ ನಗಲಿಲ್ಲ. ನನ್ನ ಮುಖ ನೋಡಿದರು, ಅತ್ತೆಯ ಮುಖ ನೋಡಿದರು. ಅರ್ಥವಾಯಿತು.

"ಹಾಕದವನು ನಾನು" ಎಂದರು.

"ನಿಮಗೆ ನೀವೇ ಹಾಕಲಿಲ್ಲವಾ?" ಅತ್ತೆ ಕೇಳಿದರು.

"ನಮ್ಮನೆ ಮದುವೆಗೆ ನಾವೇ ಮುಯ್ಯಿ ಬರೆಸುತ್ತೀವಾ? ನನಗೆ ನಾನೇ ಹೇಗೆ ಹಾಕ್ಕೊಳ್ಳೋದು? ಆ ಪಕ್ಕದ ಬೂತಿನ ಸೈಕಲ್ ಅಂಗಡಿಯವನು, ನನ್ನ ಹಾಗೇ ಪಾರ್ಟಿ ಇಲ್ಲದೆ ನಿಂತವನು, ಮೊಪೆಡ್ ತಳ್ಳಿಕೊಂಡು ನಮ್ಮ ಬಾಗಿಲಿಗೆ ಬಂದು ಕೇಳಿದ. ಬೀದಿಯೊಳಗೆ ಬಂದು ಕೇಳಿದವನು ಅವನೊಬ್ಬನೇ. ಅವನಿಗೆ ಹಾಕಿದೆ. ನೀವೆಲ್ಲ ನನಗೋಸ್ಕರ ಅಷ್ಟು ಓಡಾಡಿದಿರಿ, ಹೇಳೋಕೆ ನಾಚಿಕೆ ಆಯ್ತು." ಆಮೇಲೆ ನನ್ನ ಕಡೆ ತಿರುಗಿ ಎರಡೂ ಕೈ ಮುಗಿದರು. "ನಾನು ನಾಚಿಕೊಂಡಿದ್ದು ನಿನ್ನ ತಲೆ ಮೇಲೆ ಬಿತ್ತು, ಅಮ್ಮಿಣಿ."

ಮಾವ ಸೊಸೆಗೆ ಕೈಮುಗಿಯುವುದೆಂದರೇನು? ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅವರ ಕೈಗಳನ್ನು ಹಿಡಿದು ಕೆಳಗಿಳಿಸಿದೆ. ಬೆರಳಿನ ಸೀಳಿನಲ್ಲಿ ಶಾಯಿ ಇನ್ನೂ ಇತ್ತು.

ಅಂದಿನಿಂದ ಕಾಫಿ ಕುಡಿದ ಲೋಟವನ್ನು ಅವರೇ ತೊಳೆದಿಡುತ್ತಿದ್ದರು. ಬೇಡವೆಂದರೆ ಕೇಳುತ್ತಿರಲಿಲ್ಲ.

ಈ ವರ್ಷ ಮಾವ ತೀರಿಕೊಂಡರು. ಅಂಗಳದ ಶಾಮಿಯಾನದ ಕೆಳಗೆ ಇಡೀ ಬೀದಿ ಕೂತಿತ್ತು. ಅಂಥ ಮನುಷ್ಯನಿಗೆ ನಾವೆಲ್ಲ ಓಟು ಹಾಕಿದ್ದೆವು ಎಂದು ಒಬ್ಬರು ಹೇಳುತ್ತಿದ್ದರು, ಉಳಿದವರು ತಲೆಯಾಡಿಸುತ್ತಿದ್ದರು. ಅಷ್ಟರಲ್ಲಿ ಮೊಪೆಡ್ ತಳ್ಳಿಕೊಂಡು ಒಬ್ಬರು ಬಂದರು. ಮಾವನ ಕಾಲು ಮುಟ್ಟಿ, ಬಾಗಿಲಲ್ಲಿದ್ದ ನನ್ನ ಹತ್ತಿರ ಬಂದು ನೆಲ ನೋಡುತ್ತ ತಮಿಳಿನಲ್ಲಿ ಅಂದರು: "ಅಣ್ಣನುಕ್ಕುದಾಂಗ ಪೋಟ್ಟೇನ್."

ಅಣ್ಣನಿಗೇ ಹಾಕಿದ್ದು. ಬೀದಿಯವರೆಲ್ಲ ಹೇಳಿದ್ದ ಅದೇ ಮಾತು. ಶಾಮಿಯಾನದ ಕೆಳಗೆ ಯಾರೂ ತಲೆ ಎತ್ತಲಿಲ್ಲ. ನಾನು ಅವರಿಗೆ ಕುಳಿತುಕೊಳ್ಳಲು ಕುರ್ಚಿ ತಂದು ಮಾವನ ಪಕ್ಕದಲ್ಲಿ ಹಾಕಿದೆ.